ಕಲಿಕೆಯ ಅನುಭವಕ್ಕೊಂದು ಅಳತೆಗೋಲು

ತಾಪಮಾಪಕದಲ್ಲಿ 10 ಡಿಗ್ರಿಯಿಂದ 20ಕ್ಕೂ, 20ರಿಂದ 30ಕ್ಕೂ ಇರುವ ಅಂತರ ಒಂದೇ. ಆದರೆ ಗಣಕದ ಪರದೆಯ ಮುಂದೆ ಕುಳಿತು ಶಿಲ್ಪಕಲೆ ಕಲಿಯುವ ವಿದ್ಯಾರ್ಥಿಯ ಅನುಭವವನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ ಸುಮಾರು ನೂರು ವರ್ಷಗಳ ಹಿನ್ನೆಲೆಯಿದೆ.

ಮನೋಭಾವವನ್ನು ಅಳೆಯಬಹುದೆಂದು 1928ರಲ್ಲಿ ಅಮೆರಿಕದ ಎಲ್. ಎಲ್. ಥರ್ಸ್ಟನ್ ವಾದಿಸಿದರು. 1932ರಲ್ಲಿ ರೆನ್ಸಿಸ್ ಲಿಕರ್ಟ್ ಅದಕ್ಕೊಂದು ಸರಳ ವಿಧಾನ ಸೂಚಿಸಿದರು. ಒಂದು ಹೇಳಿಕೆಯನ್ನು ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಕೇಳಿ, ಉತ್ತರಕ್ಕೆ 1ರಿಂದ 5ರವರೆಗೆ ಅಂಕ ಕೊಡುವುದು ಆ ವಿಧಾನ.

ಅದೇ ವರ್ಷ ಬ್ರಿಟಿಷ್ ಅಸೋಸಿಯೇಷನ್, ಸಂವೇದನೆಯ ಮಾಪನ ಸಾಧ್ಯವೇ ಎಂದು ಪರಿಶೀಲಿಸಲು ಭೌತವಿಜ್ಞಾನಿಗಳೂ ಮನೋವಿಜ್ಞಾನಿಗಳೂ ಇದ್ದ ಸಮಿತಿಯೊಂದನ್ನು ನೇಮಿಸಿತು. 1940ರ ಅಂತಿಮ ವರದಿಯಲ್ಲೂ ಒಮ್ಮತ ಮೂಡಲಿಲ್ಲ. ಎರಡು ಉದ್ದಗಳನ್ನು ತುದಿಗೆ ತುದಿ ಜೋಡಿಸಿ ಕೂಡಬಹುದು. ಸಂವೇದನೆಗಳನ್ನು ಹಾಗೆ ಕೂಡಲಾಗದು ಎಂಬ ಬಗೆಯ ಆಕ್ಷೇಪ ಭೌತವಿಜ್ಞಾನಿ ಎನ್. ಆರ್. ಕ್ಯಾಂಪ್‌ಬೆಲ್ ಅವರದು. 1946ರಲ್ಲಿ ಎಸ್. ಎಸ್. ಸ್ಟೀವನ್ಸ್ ಅಳತೆಗೋಲುಗಳನ್ನು ನಾಲ್ಕಾಗಿ ವಿಂಗಡಿಸಿದರು: ಹೆಸರು, ಕ್ರಮ, ಅಂತರ, ಅನುಪಾತ. ಈ ವಿಂಗಡಣೆಯಂತೆ ನೋಡಿದರೆ ಲಿಕರ್ಟ್ ವಿಧಾನದ ಒಂದೊಂದು ಉತ್ತರವೂ ಕ್ರಮವನ್ನಷ್ಟೇ ಸೂಚಿಸುತ್ತದೆ. 4 ಅಂಕವೆಂದರೆ 2 ಅಂಕದ ಇಮ್ಮಡಿ ತೃಪ್ತಿಯಲ್ಲ.

ಆನ್‌ಲೈನ್ ಕಲಿಕೆ ಬಂದಾಗ ಈ ವಿಧಾನವೇ ಮುಂದುವರಿಯಿತು. 2000ದಲ್ಲಿ ಕೆನಡಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಅವರು ಇಂಥ ಕಲಿಕೆಗೆ ಬೋಧಕರ ಉಪಸ್ಥಿತಿ, ಸಾಮಾಜಿಕ ಉಪಸ್ಥಿತಿ, ಚಿಂತನೆಯ ಉಪಸ್ಥಿತಿ ಎಂಬ ಮೂರು ಅಂಗಗಳನ್ನು ಗುರುತಿಸಿದರು. 2008ರ ವೇಳೆಗೆ ಇದು 34 ಹೇಳಿಕೆಗಳ ಪ್ರಶ್ನಾವಳಿಯಾಯಿತು. ಇಲ್ಲೊಂದು ಅಂಶವನ್ನು ಗಮನಿಸಬೇಕು. ಈ ಚೌಕಟ್ಟು ಹುಟ್ಟಿದ್ದು ಗಣಕದ ಮೂಲಕ ಬರೆದು ನಡೆಸುವ ಚರ್ಚೆಗಳಿಂದ. ಅದರ ಮೂರು ಅಂಗಗಳಲ್ಲಿ ಜೇಡಿಮಣ್ಣು, ಕುಲುಮೆ, ಮುದ್ರಣಯಂತ್ರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ.

2020ರಲ್ಲಿ ಕೋವಿಡ್‌ನಿಂದ ಕಲಾಶಾಲೆಗಳ ಕಾರ್ಯಾಗಾರಗಳು ಮುಚ್ಚಿದಾಗ ಈ ಕೊರತೆ ಎದ್ದು ಕಂಡಿತು. ಬ್ರಿಟನ್ನಿನ ಕಲಾ ವಿದ್ಯಾರ್ಥಿಗಳು ಶುಲ್ಕ ಹಿಂದಿರುಗಿಸಿ ಎಂದು ಒತ್ತಾಯಿಸಿದರು. ಅಲ್ಲಿ ಅಂತಿಮ ವರ್ಷದ ಎಲ್ಲ ವಿಷಯಗಳ ಪದವಿ ವಿದ್ಯಾರ್ಥಿಗಳಿಗಾಗಿ ನಡೆಯುವ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಟ್ಟಾರೆ ತೃಪ್ತರ ಪ್ರಮಾಣ 2020ರ ಶೇ. 83ರಿಂದ 2021ರಲ್ಲಿ ಶೇ. 75ಕ್ಕೆ ಇಳಿಯಿತು. ಇಳಿಕೆಯನ್ನು ಈ ಅಂಕಿ ತೋರಿಸಿತು. ಶಿಲ್ಪದ ವಿದ್ಯಾರ್ಥಿ ಕಳೆದುಕೊಂಡದ್ದೇನು ಎಂಬುದನ್ನು ತೋರಿಸಲಿಲ್ಲ. 2023ರಲ್ಲಿ ಆ ಸಮೀಕ್ಷೆ 'ಒಪ್ಪುತ್ತೀರಾ' ಮಾದರಿಯನ್ನೇ ಕೈಬಿಟ್ಟು, ನಾಲ್ಕು ಉತ್ತರಗಳ ನೇರ ಪ್ರಶ್ನೆಗಳಿಗೆ ಬದಲಾಯಿತು.

ಪ್ರಯೋಗಶಾಲೆಯಲ್ಲಿ ಉಪಕರಣವನ್ನು ಮೊದಲು ಪರೀಕ್ಷಿಸಿ ಅನಂತರ ಬಳಸುತ್ತೇವೆ. ಪ್ರಶ್ನಾವಳಿಗೂ ಇದೇ ನಿಯಮ ಸಲ್ಲಬೇಕು. 'ವಾರದಲ್ಲಿ ಎಷ್ಟು ಗಂಟೆ ಮಣ್ಣನ್ನು ಕೈಯಲ್ಲಿ ಹಿಡಿದೆ?' ಎಂದು ಕೇಳಿ ನೋಡಿ. ಗಂಟೆಗೆ ನಿಜವಾದ ಸೊನ್ನೆಯಿದೆ. 4 ಗಂಟೆ 2 ಗಂಟೆಯ ಇಮ್ಮಡಿಯೇ. ಉಳಿದದ್ದನ್ನು ವಿದ್ಯಾರ್ಥಿಯ ಮಾತಿನಲ್ಲೇ ಕೇಳಿಸಿಕೊಳ್ಳುವುದು ಲೇಸು.