ಅಬಿ ಕೋನಂಟ್ ಮತ್ತು ಮ್ಯೂನಿಕ್ ಫಿಲ್‌ಹಾರ್ಮೋನಿಕ್: ಒಂದು ಟ್ರೊಂಬೋನ್ ವೃತ್ತಿಯ ಇತಿಹಾಸ

ಪಾಶ್ಚಾತ್ಯ ವಾದ್ಯವೃಂದಗಳ ಚರಿತ್ರೆಯನ್ನು ಬಹುಮಟ್ಟಿಗೆ ಸಂಯೋಜಕರ ಮತ್ತು ನಿರ್ದೇಶಕರ ಚರಿತ್ರೆಯಾಗಿಯೇ ಬರೆಯಲಾಗಿದೆ. ಹಿಂದಿನ ಸಾಲಿನಲ್ಲಿ ಕುಳಿತು ನುಡಿಸುವವರ ಬದುಕು ಅದರಲ್ಲಿ ವಿರಳವಾಗಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಟ್ರೊಂಬೋನ್ ವಾದಕಿ ಅಬಿ ಕೋನಂಟ್ ಅವರ ವೃತ್ತಿಜೀವನವು ಬೆಳಕಿಗೆ ಬಂದುದು ಕೂಡ ನ್ಯಾಯಾಲಯದ ಮೂಲಕವೇ.

ಟ್ರೊಂಬೋನ್ ಹಿತ್ತಾಳೆಯ ಸುಷಿರವಾದ್ಯ. ಜಾರುವ ಕೊಳವೆಯನ್ನು ಹಿಂದೆ ಮುಂದೆ ಸರಿಸಿ ಸ್ವರಸ್ಥಾನವನ್ನು ಹಿಡಿಯಬೇಕು. ವಾದಕರಿಗೆ ಕಿವಿ ಮತ್ತು ಉಸಿರೇ ಆಧಾರ. ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಅಭ್ಯಾಸ ಮಾಡಿದ ಕೋನಂಟ್ ಅವರು ಇಟಲಿಯ ಟೂರಿನ್ ನಗರದ ಒಪೆರಾ ವಾದ್ಯವೃಂದದಲ್ಲಿದ್ದಾಗ, 1980ರಲ್ಲಿ ಮ್ಯೂನಿಕ್ ಫಿಲ್‌ಹಾರ್ಮೋನಿಕ್‌ನ ಪ್ರಧಾನ ಟ್ರೊಂಬೋನ್ ಸ್ಥಾನಕ್ಕೆ ಅರ್ಜಿ ಸಲ್ಲಿಸಿದರು. ಬಂದ ಆಹ್ವಾನಪತ್ರದಲ್ಲಿ ಅವರನ್ನು ಪುರುಷರಿಗೆ ಸಲ್ಲುವ ‘ಹೆರ್’ ಎಂಬ ಉಪಾಧಿಯಿಂದ ಸಂಬೋಧಿಸಲಾಗಿತ್ತು.

ಅಭ್ಯರ್ಥಿಗಳು 33 ಮಂದಿ. ಅವರಲ್ಲೊಬ್ಬ ವಾದ್ಯವೃಂದದವರಿಗೆ ಪರಿಚಿತರಾದವರ ಮಗನಾಗಿದ್ದುದರಿಂದ ಮೊದಲ ಸುತ್ತನ್ನು ತೆರೆಯ ಮರೆಯಲ್ಲಿ ನಡೆಸಲಾಯಿತು. ಹೀಗೆ ಇನ್ನೊಬ್ಬರ ನಿಮಿತ್ತ ಇಳಿಬಿಟ್ಟ ತೆರೆಯು ಕೋನಂಟ್ ಅವರಿಗೆ ಒದಗಿತೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಅವರು 16ನೆಯವರಾಗಿ ಫರ್ಡಿನಾಂಡ್ ಡೇವಿಡ್‌ನ ಕನ್ಸರ್ಟೀನೊ ನುಡಿಸಿದರು. (ಈ ಕೃತಿ ಲೈಪ್‌ಜಿಗ್‌ನ ಕಾರ್ಲ್ ಕ್ವೈಸರ್‌ಗಾಗಿ ರಚಿತವಾದುದು, ಕ್ವೈಸರ್ ಟ್ರೊಂಬೋನಿನಂತೆಯೇ ವಯೋಲಾದಲ್ಲಿಯೂ ನಿಪುಣನಾಗಿದ್ದನು. ಜರ್ಮನಿಯ ಆಯ್ಕೆಗಳಲ್ಲಿ ಇದನ್ನು ನುಡಿಸುವುದು ಇಂದಿಗೂ ರೂಢಿ.) ತೀರ್ಪುಗಾರರು ಮೆಚ್ಚಿದರು. ತೆರೆ ಸರಿದಾಗ ಎದುರಿಗಿದ್ದವರು ಮಹಿಳೆ! ಮುಂದಿನ ಸುತ್ತುಗಳಲ್ಲಿಯೂ ಗೆದ್ದುದರಿಂದ ಅವರಿಗೆ ಸ್ಥಾನ ದೊರೆಯಿತು.

ಒಂದು ವರ್ಷದ ಪರೀಕ್ಷಾವಧಿ ನಿರ್ವಿಘ್ನವಾಗಿ ಕಳೆಯಿತು. ಆದರೆ 1981ರಲ್ಲಿ, ಸೆರ್ಜಿಯು ಚೆಲಿಬಿಡಾಕೆ ಅವರು ಪ್ರಧಾನ ನಿರ್ದೇಶಕರಾಗಿದ್ದಾಗ, ಕೋನಂಟ್ ಅವರನ್ನು ಎರಡನೆಯ ಟ್ರೊಂಬೋನಿಗೆ ಇಳಿಸಲಾಯಿತು. ಪ್ರಧಾನ ಸ್ಥಾನಕ್ಕೆ ಗಂಡಸು ಬೇಕೆಂಬುದು ಅವರಿಗೆ ನೀಡಲಾದ ಕಾರಣ. ಅವರು ನ್ಯಾಯಾಲಯದ ಮೊರೆಹೊಕ್ಕರು. ದೈಹಿಕ ಬಲ ಸಾಲದೆಂಬ ಆಕ್ಷೇಪಕ್ಕೆ ಉತ್ತರವಾಗಿ ಶ್ವಾಸಕೋಶ ಚಿಕಿತ್ಸಾಲಯದಲ್ಲಿ ಅವರ ಉಸಿರಿನ ಸಾಮರ್ಥ್ಯವನ್ನು ಅಳೆಯಲಾಯಿತು. ಫಲಿತಾಂಶ ಸಾಮಾನ್ಯಕ್ಕಿಂತ ಬಹಳ ಮೇಲಿತ್ತು. ಸಂಗೀತಗಾರರೊಬ್ಬರ ಅರ್ಹತೆಯನ್ನು ವೈದ್ಯರ ಮಾಪನದಿಂದ ಸಾಧಿಸಬೇಕಾದ ಇಂತಹ ಪ್ರಸಂಗ ವಾದ್ಯವೃಂದಗಳ ಚರಿತ್ರೆಯಲ್ಲಿ ವಿಚಿತ್ರವಾದುದೇ ಸರಿ. ಕಡೆಗೆ ಟ್ರೊಂಬೋನ್ ಪರಿಣತರೊಬ್ಬರು ಅವರ ವಾದನವನ್ನು ಪರೀಕ್ಷಿಸಿ ಅನುಕೂಲವಾದ ಅಭಿಪ್ರಾಯವನ್ನಿತ್ತರು. 1988ರಲ್ಲಿ ಪ್ರಧಾನ ಸ್ಥಾನ ಮರಳಿ ದೊರೆಯಿತು.

ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. ಸಮಾನ ಸ್ಥಾನದ ಪುರುಷ ವಾದಕರಿಗೆ ಸಲ್ಲುತ್ತಿದ್ದ ವೇತನಶ್ರೇಣಿಗಾಗಿ ಅವರು ಮತ್ತೆ ಹೋರಾಡಬೇಕಾಯಿತು, ಅದರಲ್ಲಿಯೂ ಗೆದ್ದರು. ಇದೇ ಅವಧಿಯಲ್ಲಿ, 1982ರಲ್ಲಿ, ಬರ್ಲಿನ್ ಫಿಲ್‌ಹಾರ್ಮೋನಿಕ್ ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಪಿಟೀಲುವಾದಕಿ ಮಡ್ಲೆನ್ ಕರುಜೊ ಅವರನ್ನು ಸೇರಿಸಿಕೊಂಡಿತು. ವಿಯೆನ್ನಾ ಫಿಲ್‌ಹಾರ್ಮೋನಿಕ್ ಹಾರ್ಪ್‌ವಾದಕಿ ಆನಾ ಲೆಲ್ಕೆಸ್ ಅವರಿಗೆ ಸದಸ್ಯತ್ವ ನೀಡಿದುದು 1997ರಷ್ಟು ತಡವಾಗಿ. ಅಷ್ಟರಲ್ಲಿ ಕೋನಂಟ್ ಅವರು ಮ್ಯೂನಿಕ್ ಬಿಟ್ಟು ಟ್ರೊಸಿಂಗೆನ್‌ನ ಸಂಗೀತ ಮಹಾವಿದ್ಯಾಲಯದಲ್ಲಿ ಟ್ರೊಂಬೋನ್ ಪ್ರಾಧ್ಯಾಪಕರಾಗಿದ್ದರು.