ಕೈ, ಕಿವಿ, ಕೀಲೆಣ್ಣೆ: ಗಾಳಿ ತಂಪಿನ ಫೋಕ್ಸ್‌ವ್ಯಾಗನ್ ಎಂಜಿನಿನ ವೃತ್ತಿಜ್ಞಾನ

ವೃತ್ತಿ ಜಾನಪದವೆಂದೊಡನೆ ನಮ್ಮ ಅಧ್ಯಯನಗಳು ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆಗಳತ್ತ ಸಾಗುತ್ತವೆ. ಯಂತ್ರದ ಸುತ್ತ ಬೆಳೆದ ಜ್ಞಾನವನ್ನು ಶಿಷ್ಟವೆಂದು ಬದಿಗಿಡುವುದು ರೂಢಿ. ಆದರೆ ಕಾರ್ಖಾನೆಯ ಕೈಪಿಡಿಯಿಂದ ಹೊರಟ ಜ್ಞಾನವೂ ದುರಸ್ತಿಗಾರರ ಕೈಯಿಂದ ಕೈಗೆ ದಾಟುವಾಗ ಮೌಖಿಕ ಪರಂಪರೆಯ ಲಕ್ಷಣಗಳನ್ನು ಪಡೆಯುತ್ತದೆ. ಫೋಕ್ಸ್‌ವ್ಯಾಗನ್ 'ಬೀಟಲ್' ಕಾರಿನ ವಾಲ್ವ್ ಜೋಡಣೆ ಹಾಗೂ ಕೀಲೆಣ್ಣೆಯ ಬಳಕೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫರ್ಡಿನಾಂಡ್ ಪೋರ್ಷೆಯವರ ನೇತೃತ್ವದಲ್ಲಿ 1930ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಈ ಕಾರು, ಯುದ್ಧಾನಂತರ 1945ರ ಕೊನೆಯಲ್ಲಿ ಬ್ರಿಟಿಷ್ ಆಡಳಿತದಡಿ ನಿಯತ ಉತ್ಪಾದನೆಗೆ ಬಂದಿತು. 2003ರ ಜುಲೈ 30ರಂದು ಮೆಕ್ಸಿಕೋದ ಪ್ವೆಬ್ಲಾದಲ್ಲಿ ಕೊನೆಯ ಕಾರು ಹೊರಬರುವ ವೇಳೆಗೆ ಒಟ್ಟು ಸಂಖ್ಯೆ 2,15,29,464 ಆಗಿತ್ತು. ಮೆಕ್ಸಿಕನ್ನರು ಇದನ್ನು 'ವೋಚೊ' ಎಂದೂ ಬ್ರೆಜಿಲಿನವರು 'ಫುಸ್ಕ' ಎಂದೂ ತಮ್ಮದಾಗಿಸಿಕೊಂಡರು. ಹೆಸರಿನಂತೆ ದುರಸ್ತಿಯ ಜ್ಞಾನವೂ ಆಯಾ ನೆಲದಲ್ಲಿ ಬೇರೂರಿತು.

ಎಂಜಿನಿನ ರಚನೆ ಸರಳವಾದುದು. ಕ್ರ್ಯಾಂಕ್‌ಶಾಫ್ಟಿನ ಕೆಳಗೆ ಹಲ್ಲುಚಕ್ರದಿಂದ ತಿರುಗುವ ಒಂದೇ ಕ್ಯಾಮ್‌ಶಾಫ್ಟ್ ಇದ್ದು, ಅದರ ನಾಲ್ಕು ಉಬ್ಬುಗಳು ಎಂಟು ವಾಲ್ವ್‌ಗಳನ್ನು ನಡೆಸುತ್ತವೆ. ಒಂದೊಂದು ಉಬ್ಬಿಗೆ ಎರಡು ಟ್ಯಾಪೆಟ್. ಟೊಳ್ಳಾದ ಪುಶ್‌ರಾಡ್‌ಗಳ ಮೂಲಕ ಎಣ್ಣೆ ರಾಕರ್‌ಗಳನ್ನು ತಲಪಿ, ಪುಶ್‌ರಾಡ್‌ಗಳ ಹೊರಕೊಳವೆಗಳಲ್ಲಿ ಹಿಂದಿರುಗುತ್ತದೆ. ನೀರಿಲ್ಲದ ಈ ಎಂಜಿನಿನಲ್ಲಿ ಸುಮಾರು ಎರಡೂವರೆ ಲೀಟರ್ ಎಣ್ಣೆಯೇ ಸವೆತವನ್ನು ತಡೆಯಬೇಕು, ಶಾಖವನ್ನೂ ಹೊರಬೇಕು.

ಜೋಡಣೆಯ ನಿಯಮಗಳು ಚಿಕ್ಕವು, ಆದರೆ ಸಕಾರಣವಾದವು. ಕ್ಯಾಮ್ ಚಕ್ರದ ಗುರುತು ಕ್ರ್ಯಾಂಕ್ ಚಕ್ರದ ಎರಡು ಚುಕ್ಕಿಗಳ ನಡುವೆ ಕೂರಬೇಕು. ಎಂಜಿನ್ ಕವಚದ ಎರಡು ಹೋಳುಗಳನ್ನು ಕೂಡಿಸುವಾಗ ಜಾರಿ ಬೀಳುವ ಟ್ಯಾಪೆಟ್‌ಗಳನ್ನು ಗ್ರೀಸ್ ಹಚ್ಚಿ ಹಿಡಿದಿಡಬೇಕು. ಹೊರಕೊಳವೆಯ ಬೆಸುಗೆ ಮೇಲ್ಮುಖವಾಗಿರಬೇಕು; ಹಿಂದಿರುಗುವ ಎಣ್ಣೆ ಕೊಳವೆಯ ತಳದಲ್ಲಿ ಹರಿಯುವುದೇ ಇದಕ್ಕೆ ಕಾರಣ.

ವಾಲ್ವ್ ಅಂತರವನ್ನು ಹೊಂದಿಸುವ ಕ್ರಮದಲ್ಲಿ ಸ್ಮರಣತಂತ್ರವೊಂದು ಅಡಗಿದೆ. ದಹನಕ್ರಮ 1-4-3-2. ಪುಲ್ಲಿಯನ್ನು ಪ್ರದಕ್ಷಿಣೆಗೆ ವಿರುದ್ಧವಾಗಿ ಅರ್ಧರ್ಧ ಸುತ್ತು ತಿರುಗಿಸಿದರೆ ಅದೇ 1-2-3-4 ಆಗುತ್ತದೆ; ನೆನಪಿಗೆ ಶ್ರಮವಿಲ್ಲ. 1970ರ ದಶಕದ 1600 ಸಿಸಿ ಎಂಜಿನಿಗೆ ತಣ್ಣಗಿರುವಾಗ 0.15 ಮಿ.ಮೀ. ಅಂತರ ವಿಹಿತ. ಅಂತರ ಹಿಗ್ಗಿದರೆ ಟಕಟಕ ಸದ್ದು ಕೇಳುತ್ತದೆ. ಅಂತರ ಮುಚ್ಚಿದರೆ ಸದ್ದಡಗುತ್ತದೆ, ಆದರೆ ವಾಲ್ವ್ ಪೂರ್ತಿ ಕೂರದೆ ಸುಟ್ಟುಹೋಗುತ್ತದೆ. ಹೀಗಾಗಿ ಅನುಭವಿಯ ಕಿವಿ ಸದ್ದಿಗಿಂತ ಮೌನಕ್ಕೆ ಹೆಚ್ಚು ಅಂಜುತ್ತದೆ.

ಮೂರನೆಯ ಸಿಲಿಂಡರಿನ ಬಗೆಗಿನ ಎಚ್ಚರಿಕೆ ಇನ್ನೂ ಗಮನಾರ್ಹವಾದುದು. ಮೊದಲು ಎಣ್ಣೆ ತಂಪುಗೂಡು ಗಾಳಿಯ ದಾರಿಯಲ್ಲೇ ಇದ್ದು, ಆ ಸಿಲಿಂಡರಿಗೆ ಬಿಸಿಗಾಳಿಯೇ ದೊರೆಯುತ್ತಿತ್ತು. 1971ರ ಮಾದರಿಯಲ್ಲಿ ತಂಪುಗೂಡನ್ನು ಸ್ಥಳಾಂತರಿಸಲಾಯಿತು. ಕಾರಣ ಬಹುಮಟ್ಟಿಗೆ ತೊಲಗಿದರೂ ಎಚ್ಚರಿಕೆಯ ಮಾತು ಉಳಿದುಬಂದಿತು. ಮೂಲ ಮರೆತರೂ ಆಚರಣೆ ಮುಂದುವರಿಯುವುದು ಜಾನಪದ ವಿದ್ವಾಂಸರಿಗೆ ಹೊಸತಲ್ಲ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಕೀಲೆಣ್ಣೆಯದು. ಇಲ್ಲಿ ಆಚರಣೆ ಉಳಿದು, ಅದರ ಆಧಾರವೇ ಬದಲಾಯಿತು. ಚಪ್ಪಟೆ ಟ್ಯಾಪೆಟ್ ಕ್ಯಾಮಿನ ಮೇಲೆ ಉಜ್ಜುವಾಗ ರಕ್ಷಿಸುವುದು ಎಣ್ಣೆಯಲ್ಲಿನ ಸತು-ರಂಜಕ ಸಂಯುಕ್ತ. ರಂಜಕವು ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರುಗಳನ್ನು ಕೆಡಿಸುವುದರಿಂದ, 2004ರ ಎಪಿಐ ಎಸ್‌ಎಂ ಮಾನದಂಡವು ಹಗುರ ದರ್ಜೆಯ ಎಣ್ಣೆಗಳಲ್ಲಿ ಅದರ ಮಿತಿಯನ್ನು ಶೇ. 0.08ಕ್ಕೆ ಇಳಿಸಿತು. 'ಹೊಸದಾದಷ್ಟೂ ಒಳ್ಳೆಯ ಎಣ್ಣೆ' ಎಂಬ ನಂಬಿಕೆ ಹಳೆಯ ಎಂಜಿನಿಗೆ ಅಪಾಯಕಾರಿಯಾದುದು ಹೀಗೆ. ಹೊಸ ಕ್ಯಾಮಿಗೆ ರಕ್ಷಕ ಲೇಪ ಹಚ್ಚುವುದು, ಮೊದಲ ಬಾರಿ ಚಾಲೂ ಮಾಡಿದಾಗ ಸುಮಾರು 20 ನಿಮಿಷ ಮಂದಗತಿಗೆ ಇಳಿಸದೆ ಓಡಿಸುವುದು ಇಂದಿಗೂ ಅವಶ್ಯವಾದ ವಿಧಿ. ಮಂದಗತಿಯಲ್ಲಿ ಕ್ಯಾಮಿಗೆ ಸಿಡಿದು ಬೀಳುವ ಎಣ್ಣೆ ಕಡಿಮೆ ಎಂಬುದೇ ಅದರ ತರ್ಕ.

1969ರಲ್ಲಿ ಅಮೆರಿಕದ ಜಾನ್ ಮ್ಯೂರ್ ಈ ಕಾರಿನ ದುರಸ್ತಿಯ ಬಗ್ಗೆ ಪ್ರಕಟಿಸಿದ ಕೈಪಿಡಿ ಆಡುಮಾತಿನ ಧಾಟಿಯಲ್ಲಿದ್ದು, ಕಲಿಸುವವನ ದನಿಯನ್ನು ಮುದ್ರಣಕ್ಕೆ ತಂದಿತು. ಅಂಥ ದಾಖಲೆಯ ಅಗತ್ಯ ಈಗ ಹೆಚ್ಚಿದೆ. ಮೆಕ್ಸಿಕೋದ ಬೀಟಲ್‌ಗಳಿಗೆ 1990ರ ದಶಕದಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಬಂದಾಗಲೇ ಅಂತರ ಹೊಂದಿಸುವ ಕೆಲಸ ಅಲ್ಲಿ ಕೊನೆಗಂಡಿತ್ತು. ಆ ಕಸುಬನ್ನು ಬಲ್ಲವರು ವಿರಳವಾಗುತ್ತಿರುವಾಗ ವಿಧಾನವನ್ನಷ್ಟೇ ಬರೆದಿಟ್ಟರೆ ಸಾಲದು. ಕಾರಣ ತಿಳಿಯದ ವಿಧಿ ಮೂರನೆಯ ಸಿಲಿಂಡರಿನ ಮಾತಿನಂತೆ ನಿರಪಾಯವಾಗಿ ಉಳಿಯಬಹುದು, ಎಣ್ಣೆಯ ವಿಚಾರದಂತೆ ಎಂಜಿನನ್ನೇ ನಾಶಮಾಡಲೂಬಹುದು. ಆದುದರಿಂದ 'ಹೇಗೆ' ಎಂಬುದರೊಡನೆ 'ಏಕೆ' ಎಂಬುದನ್ನೂ ಸಂಗ್ರಹಿಸುವುದು ವೃತ್ತಿ ಜಾನಪದ ಕ್ಷೇತ್ರಕಾರ್ಯದ ಹೊಣೆಯಾಗಿದೆ.