ನಮ್ಮ ನಾಡಿನ ಜಯಪತ್ರಗಳು

ಧರ್ಮಶಾಸ್ತ್ರದ ಗ್ರಂಥವು ಬೇರೆ, ನ್ಯಾಯಸಭೆಯ ತೀರ್ಪು ಬೇರೆ. ಕನ್ನಡನಾಡಿನಲ್ಲಿ ಮೊದಲನೆಯದು ಚೆನ್ನಾಗಿ ಉಳಿದುಬಂದಿದೆ. ಎರಡನೆಯದು ಬಹುಮಟ್ಟಿಗೆ ಅಳಿದುಹೋಗಿದೆ. ಆರನೆಯ ವಿಕ್ರಮಾದಿತ್ಯನು ಕಲ್ಯಾಣದಲ್ಲಿ ಆಳುತ್ತಿದ್ದ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಭರತಖಂಡದ ಬಹುಭಾಗಕ್ಕೆ ಹಬ್ಬಿತು. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯಪ್ರಕರಣವನ್ನು ಇಂಗ್ಲಿಷಿಗೆ ಪರಿವರ್ತಿಸಿದ ಮೇಲೆ ಅದು ಕಂಪೆನಿಯ ನ್ಯಾಯಾಧೀಶರ ಕೈಪಿಡಿಯೂ ಆಯಿತು. ಆದರೆ ಅದೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಯಾರ ವ್ಯಾಜ್ಯವು ಹೇಗೆ ತೀರಿತೆಂದು ಕೇಳಿದರೆ ಉತ್ತರ ಹೇಳುವ ಪತ್ರಗಳು ದುರ್ಲಭ.

ಇದಕ್ಕೆ ಕಾರಣವು ಶಾಸ್ತ್ರದ ಪದ್ಧತಿಯಲ್ಲಿಯೇ ಇದೆ. ವ್ಯವಹಾರಕ್ಕೆ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂದು ನಾಲ್ಕು ಪಾದಗಳು. ವಾದಿಯ ಮಾತು, ಪ್ರತಿವಾದಿಯ ಮಾತು, ಪ್ರಮಾಣ, ನಿರ್ಣಯ ಇವೆಲ್ಲವನ್ನೂ ಬರೆದು ರಾಜಮುದ್ರೆಯೊತ್ತಿದ ಜಯಪತ್ರವನ್ನು ಗೆದ್ದವನ ಕೈಗೆ ಕೊಡತಕ್ಕದ್ದು. ಮುಂದೆ ಅದನ್ನು ಕಾಯುವ ಭಾರವು ಅವನ ಮನೆತನದ್ದು. ಮೊಮ್ಮಕ್ಕಳ ಕಾಲಕ್ಕೆ ಓಲೆಯು ಹುಳುವಿನ ಪಾಲಾದರೆ ಕೇಳುವವರಾರು? ಇನ್ನು ಶಾನುಭೋಗರ ಕಡತಗಳು: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದೆಂಬುದು ಅವುಗಳ ದೊಡ್ಡ ಅನುಕೂಲ. ಇತಿಹಾಸಕ್ಕೆ ಆ ಅನುಕೂಲವೇ ಮುಳುವಾಯಿತು.

ಪರದೇಶದ ಸ್ಥಿತಿಯನ್ನು ಇಲ್ಲಿ ಹೋಲಿಸಿ ನೋಡಬಹುದು. ಸ್ಕಾಟ್ಲೆಂಡಿನ ಹಳೆಯ ಧರ್ಮಗ್ರಂಥವಾದ ‘ರೀಜಿಯಮ್ ಮೆಜೆಸ್ಟೇಟೆಮ್’ ಎಂಬುದನ್ನು ಸ್ಕೀನನೆಂಬ ಪಂಡಿತನು 1609ರಲ್ಲಿ ಅಚ್ಚುಮಾಡಿಸಿದನು. ಅದರ ಹೆಚ್ಚು ಭಾಗವು ಇಂಗ್ಲೆಂಡಿನ ಗ್ಲಾನ್‌ವಿಲ್ಲನ ಹೆಸರಿನ ಗ್ರಂಥದಿಂದ ಬಂದದ್ದೆಂದು ವಿದ್ವಾಂಸರು ತೋರಿಸಿದ್ದಾರೆ. ಆ ದೇಶದ ಅತ್ಯಂತ ಪ್ರಾಚೀನ ಧರ್ಮಸಂಗ್ರಹದ ಹಸ್ತಪ್ರತಿಯೊಂದು ಸ್ವಿಟ್ಸರ್ಲೆಂಡಿನ ಬೆರ್ನ್ ನಗರವನ್ನು ಸೇರಿ 1814ರಲ್ಲಿ ತೌರಿಗೆ ಮರಳಿತು. ಗ್ರಂಥಗಳ ಪಾಡು ಹೀಗಿದ್ದರೂ ಅಲ್ಲಿಯ ರಾಜಸಭೆಯು ಕೊಟ್ಟ ತೀರ್ಪುಗಳು 1478ರಿಂದ ಸಭೆಯ ಪುಸ್ತಕದಲ್ಲಿಯೇ ದಾಖಲೆಯಾಗಿ ನಿಂತಿವೆ. ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಕಂಪೆನಿಗೆ ಸೇರಿದಾಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ನಾಡಿಗೆ ಕಲೆಕ್ಟರನಾಗಿ ಬಂದ ಮನ್ರೋ ಸಾಹೇಬನೂ ಆ ದೇಶದವನೇ. 1807ರವರೆಗೆ ಇಲ್ಲಿದ್ದು ಊರ ಪಂಚಾಯತಿಯ ನ್ಯಾಯವನ್ನು ಕಣ್ಣಾರೆ ಕಂಡ ಅವನು ಅದರ ಪಕ್ಷವನ್ನು ಹಿಡಿದು ವಾದಿಸಿದ್ದರಿಂದಲೇ 1816ರ ಮದರಾಸು ಕಾನೂನುಗಳಲ್ಲಿ ಗ್ರಾಮ ಪಂಚಾಯತಿಗೆ ಸ್ಥಾನ ದೊರಕಿತು.

ನಮ್ಮಲ್ಲಿ ಕಲ್ಲಿಗೆ ಏರಿದ ತೀರ್ಪುಗಳು ಮಾತ್ರ ಉಳಿದವು. ಅವು ಸ್ವಲ್ಪವೇ. ದೇವರ ಭೂಮಿ, ಸಮಯಗಳ ಮರ್ಯಾದೆ ಮುಂತಾಗಿ ವ್ಯಾಜ್ಯವು ಒಬ್ಬನ ಮನೆಯನ್ನು ಮೀರಿದಾಗಲೇ ಕಲ್ಲುಕುಟಿಗನಿಗೆ ಕೆಲಸ. ಗೋವೆಯ ಕದಂಬ ಮೂರನೆಯ ಜಯಕೇಶಿಯ ಕಾಲದ, 1188ರ ಸುಮಾರಿನ ಕಿತ್ತೂರ ಶಾಸನದಲ್ಲಿ ಇಬ್ಬರು ದೇವಸ್ಥಾನದ ಆಚಾರ್ಯರು ಒಂದು ಹೊಲಕ್ಕಾಗಿ ಹೋರಾಡಿ ಫಾಲದಿವ್ಯಕ್ಕೆ ಒಪ್ಪಿದ ವೃತ್ತಾಂತವಿದೆ. ಕಾದ ನೇಗಿಲ ಗುಳವನ್ನು ಹಿಡಿದವನ ಕೈಯನ್ನು ಮರುದಿನ ಮಹಾಜನರು ಪರೀಕ್ಷಿಸಿ ತೀರ್ಪು ಹೇಳಿದರು. ಲಿಖಿತ, ಭುಕ್ತಿ, ಸಾಕ್ಷಿ ಇವು ಯಾವುವೂ ಇಲ್ಲದಲ್ಲಿ ಮಾತ್ರ ದಿವ್ಯವೆಂಬುದು ಯಾಜ್ಞವಲ್ಕ್ಯನ ಮತ. ಆ ಹೊಲಕ್ಕೆ ಹಳೆಯ ಪತ್ರವೊಂದು ಉಳಿದಿದ್ದರೆ ಆಚಾರ್ಯನ ಅಂಗೈಗೆ ಬೆಂಕಿಯ ಪರೀಕ್ಷೆ ಬರುತ್ತಿರಲಿಲ್ಲವಷ್ಟೆ.

ಇವೆಲ್ಲಕ್ಕಿಂತ ಮಿಗಿಲಾದದ್ದು ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ 1368ರ ಶಾಸನ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳೇ ಮೊದಲಾದ ನಾಡುಗಳ ಜೈನರು, ಭಕ್ತರು ಮಾಡುವ ಅನ್ಯಾಯವನ್ನು ಅರಸನಿಗೆ ಬಿನ್ನೈಸಿದರು. ಆನೆಗೊಂದಿಯೆಂದರೆ ಈ ಸೀಮೆಗೆ ನೆರೆಯ ಊರು; ಜೈನರ ಹಳೆಯ ನೆಲೆಯಾದ ಕೋಗಳಿಯಂತೂ ಈ ಸೀಮೆಯೊಳಗೇ ಇದೆ. ಅರಸನು ವೈಷ್ಣವರ ಮುಖಂಡರನ್ನು ಕರೆಯಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ಅವರ ಕೈಯಲ್ಲಿಟ್ಟನು. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಮೊದಲಿನಂತೆಯೇ ಸಲ್ಲತಕ್ಕವೆಂದು ತೀರ್ಪಾಯಿತು. ಇಷ್ಟಕ್ಕೇ ನಿಂತಿದ್ದರೆ ಅದು ಸವಿಮಾತಾಗಿ ಗಾಳಿಗೆ ಹೋಗುತ್ತಿತ್ತು. ಬುಕ್ಕನು ಲೆಕ್ಕವನ್ನೂ ಕಟ್ಟಿದನು: ಜೈನರು ಮನೆಯೊಂದಕ್ಕೆ ವರ್ಷಕ್ಕೊಂದು ಹಣ ಕೊಡಬೇಕು, ತಿರುಮಲೆಯ ತಾತಯ್ಯನು ಅದನ್ನು ಎತ್ತಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿಡಬೇಕು, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಅದಕ್ಕಿಂತಲೂ ವಿಶೇಷವೇನೆಂದರೆ, ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸುವ ಹೊಣೆಯು ಶ್ರೀವೈಷ್ಣವರದಾಯಿತು. ಜಯಪತ್ರವನ್ನು ಗೆದ್ದವನ ಪೆಟ್ಟಿಗೆಗೆ ಬಿಡದೆ ಎದುರುಪಕ್ಷದ ಕೈಯಿಂದಲೇ ಬೀದಿಗೆ ತಂದ ಈ ಯುಕ್ತಿಯು ಸ್ಮೃತಿಗಳ ವಿಧಿಯನ್ನು ಮೀರಿದ್ದು. ಇದೇ ಬುಕ್ಕನ ಆಶ್ರಯದಲ್ಲಿ ಮಾಧವಾಚಾರ್ಯನು, ಪರಾಶರಸ್ಮೃತಿಯಲ್ಲಿ ಇಲ್ಲದ ವ್ಯವಹಾರಕಾಂಡವನ್ನು ತನ್ನ ವ್ಯಾಖ್ಯಾನದಲ್ಲಿ ತಾನೇ ರಚಿಸಿ ಸೇರಿಸಿದನೆಂಬುದೂ ಇಲ್ಲಿ ಸ್ಮರಣೀಯ.

ಇದೇ ನಿರ್ಣಯದ ಇನ್ನೊಂದು ಪ್ರತಿಯು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ದೊರೆತಿದೆ. ಶಾಸನದ ಕಲ್ಲೆಹವೇ ಆ ಊರು. ಬೆಳಗೊಳದ ಕಲ್ಲಿನಲ್ಲಿ ಆಮೇಲೆ ಸೇರಿಸಿದ ಕೆಲವು ಸಾಲುಗಳಿವೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನೈಸಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪದವಿಯನ್ನು ಕಟ್ಟಿದರೆಂದೂ ಅವು ಹೇಳುತ್ತವೆ.